ಕರಡಿ ಕೂದಲು ಬೆಳೆಸಿಕೊಳ್ಳಲಿಲ್ಲ

ಜೀವವಿಕಾಸದ ಪಾಠ ಬಹಳ ಸಲ ಕೆಡುವುದು ಒಂದು ಕ್ರಿಯಾಪದದಿಂದ. ‘ಚಳಿ ತಡೆಯಲು ಕರಡಿ ದಪ್ಪ ಕೂದಲು ಬೆಳೆಸಿಕೊಂಡಿತು’ ಎಂದು ಮೇಷ್ಟರು ಹೇಳಿದರೆ ಮಕ್ಕಳಿಗೆ ಕೇಳಿಸುವುದು ಒಂದೇ ಒಂದು ಕರಡಿಯ ಕಥೆ: ಬೇಕಿತ್ತು, ಪ್ರಯತ್ನಪಟ್ಟಿತು, ಪಡೆಯಿತು. ನಿಜಕ್ಕೂ ಬದಲಾಗುವುದು ಒಂಟಿ ಜೀವಿಯಲ್ಲ, ಗುಂಪಿನಲ್ಲಿ ಯಾವ ಬಗೆಯವು ಎಷ್ಟಿವೆ ಎಂಬ ಲೆಕ್ಕ. ‘ವಿಕಾಸ’ ಎಂಬ ಪದವೂ ಅರಳುವ, ಮೇಲೇರುವ ಅರ್ಥವನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. ಗುಹೆಯಲ್ಲಿ ಕಣ್ಣು ಕಳೆದುಕೊಂಡ ಮೀನೂ ವಿಕಾಸದ ಫಲವೇ ಎಂದರೆ ತರಗತಿ ಹುಬ್ಬೇರಿಸುತ್ತದೆ. (‘ಸಿದ್ಧಾಂತ’ ಪದ ಮಾತ್ರ ನಮ್ಮ ಪುಣ್ಯ. ‘ಅದು ಬರೀ ಥಿಯರಿ’, ಅಂದರೆ ಬರೀ ಊಹೆ, ಎಂಬ ಇಂಗ್ಲಿಷಿನ ತಕರಾರು ಕನ್ನಡದಲ್ಲಿ ಅಷ್ಟಾಗಿ ನಿಲ್ಲುವುದಿಲ್ಲ.)

ಈ ಲೆಕ್ಕವನ್ನು ಕೈಯಲ್ಲೇ ಮಾಡಿಸಬೇಕು. ಹೂಬಳ್ಳಿ ಚಿತ್ತಾರದ ಒಂದು ಮೀಟರ್ ಬಟ್ಟೆ ಹಾಸಿ. ಐದು ಬಣ್ಣದ ಕಾಗದದಿಂದ ಪಂಚಿಂಗ್ ಮೆಷಿನ್ನಿನಲ್ಲಿ ತಲಾ 20 ಚುಕ್ಕಿ ಕತ್ತರಿಸಿ, ಒಟ್ಟು 100 ಚುಕ್ಕಿಗಳನ್ನು ಬಟ್ಟೆಯ ಮೇಲೆ ಚೆದುರಿಸಿ. ನಾಲ್ವರು ಮಕ್ಕಳು ಹಕ್ಕಿಗಳು. ಒಂದೊಂದಾಗಿ ಹೆಕ್ಕಿ, ಪ್ರತಿ ಸಲ ಬೆನ್ನು ತಿರುಗಿಸಿ ಡಬ್ಬಿಗೆ ಹಾಕಬೇಕು. 75 ಹೋಗಿ 25 ಉಳಿದಾಗ ನಿಲ್ಲಿಸಿ. ಉಳಿದ ಪ್ರತಿ ಚುಕ್ಕಿಗೂ ಅದೇ ಬಣ್ಣದ ಮೂರು ‘ಮರಿ’ ಸೇರಿಸಿದರೆ ಮತ್ತೆ 100. ಹಸಿರು 9 ಉಳಿದಿದ್ದರೆ ಈಗ 36. ಕೆಂಪು 2 ಉಳಿದಿದ್ದರೆ 8. ಮೂರು ಪೀಳಿಗೆಯ ಎಣಿಕೆಯನ್ನು ಬೋರ್ಡಿನ ಮೇಲೆ ಬರೆಯಿಸಿ. ಒಂದು ಚುಕ್ಕಿಯೂ ಬಣ್ಣ ಬದಲಿಸಿಲ್ಲ, ಗುಂಪಿನ ಬಣ್ಣ ಬದಲಾಗಿದೆ.

ಕೆಡುವ ಜಾಗಗಳೂ ಇವೆ. ಬೆನ್ನು ತಿರುಗಿಸುವ ನಿಯಮ ಬಿಟ್ಟರೆ ಮಕ್ಕಳು ಒಂದೇ ಮೂಲೆಯನ್ನು ಬಾಚಿಬಿಡುತ್ತಾರೆ, ಬಣ್ಣಕ್ಕೆ ಬೆಲೆಯೇ ಇರುವುದಿಲ್ಲ. ಮಿಂಚುವ ಕಾಗದ ಬೆರೆತರೆ ಆಯ್ಕೆ ಬಣ್ಣದ ಮೇಲಲ್ಲ, ಹೊಳಪಿನ ಮೇಲೆ ನಡೆಯುತ್ತದೆ. 100ರ ಬದಲು 15 ಚುಕ್ಕಿ ಇಟ್ಟರೆ ಬರೀ ಅದೃಷ್ಟದಿಂದಲೇ ಒಂದು ಬಣ್ಣ ಅಳಿಯಬಹುದು. ಅದು ಜೆನೆಟಿಕ್ ಡ್ರಿಫ್ಟ್, ಅದನ್ನು ಬೇರೆ ದಿನ ಬೇಕೆಂದೇ ಮಾಡಿಸಿ. ದೊಡ್ಡ ಕೊರತೆಯೆಂದರೆ ಈ ಆಟದಲ್ಲಿ ಹೊಸ ಬಣ್ಣ ಹುಟ್ಟುವುದೇ ಇಲ್ಲ. ಅದಕ್ಕೇ ಎರಡನೇ ಪೀಳಿಗೆಯಲ್ಲಿ ಚೀಟಿ ಎತ್ತಿ ಬಂದ ಬಣ್ಣದ ಎರಡು ಚುಕ್ಕಿ ಬೆರೆಸಿ. ಮೇಷ್ಟರೇ ಬಟ್ಟೆಗೆ ಒಪ್ಪುವ ಬಣ್ಣ ಆರಿಸಿಕೊಟ್ಟರೆ ‘ಬೇಕಾದದ್ದು ಹುಟ್ಟುತ್ತದೆ’ ಎಂಬ ಹಳೇ ತಪ್ಪು ಹಿಂಬಾಗಿಲಿನಿಂದ ಒಳಬರುತ್ತದೆ.

ಆಟದ ಪಕ್ಕದಲ್ಲೇ ಇಡಬೇಕಾದ ನಿಜ ಉದಾಹರಣೆ ಪೆಸಿಫಿಕ್ ಸಾಗರದ ಗಲಾಪಗಸ್‌ನ ಡಾಫ್ನೆ ಮೇಜರ್ ದ್ವೀಪದ್ದು. 1977ರ ಬರದಲ್ಲಿ ಸಣ್ಣ ಬೀಜಗಳು ಮುಗಿದು ಗಟ್ಟಿ ಬೀಜಗಳೇ ಉಳಿದವು. ಫಿಂಚ್ ಎಂಬ ಪುಟ್ಟ ಹಕ್ಕಿಗಳಲ್ಲಿ ದಪ್ಪ ಕೊಕ್ಕಿನವು ಹೆಚ್ಚು ಬದುಕಿದವು, ಮರಿಗಳಿಗೂ ಅದೇ ಕೊಕ್ಕು ಬಂತು. ಜೀವವಿಜ್ಞಾನಿ ದಂಪತಿ ಪೀಟರ್ ಮತ್ತು ರೋಸ್ಮರಿ ಗ್ರಾಂಟ್ ಕೊಕ್ಕುಗಳನ್ನು ಅಳೆದೇ ಇದನ್ನು ತೋರಿಸಿದರು.

ಯಾವ ವಯಸ್ಸಿಗೆ ಕಲಿಸಬೇಕು ಎಂಬುದರಲ್ಲಿ ದೇಶಗಳು ಒಂದಾಗಿಲ್ಲ. ಇಂಗ್ಲೆಂಡ್ 2014ರಿಂದ ಹತ್ತು–ಹನ್ನೊಂದರ ಮಕ್ಕಳಿಗೇ ಕಲಿಸುತ್ತಿದೆ. ಟರ್ಕಿ 2017ರಲ್ಲಿ ಒಂಬತ್ತನೇ ತರಗತಿಯಿಂದ ತೆಗೆಯಿತು. ಭಾರತದಲ್ಲಿ ಎನ್‌ಸಿಇಆರ್‌ಟಿಯ ಹತ್ತನೇ ತರಗತಿ ಪುಸ್ತಕದಿಂದ ಆ ಭಾಗ ಹೋಯಿತು, ಹನ್ನೆರಡನೇ ತರಗತಿಯ ಜೀವಶಾಸ್ತ್ರದಲ್ಲಿ ಉಳಿದಿದೆ. ಹತ್ತರ ನಂತರ ಜೀವಶಾಸ್ತ್ರ ಬಿಟ್ಟವರಿಗೆ ಅದು ಸಿಗುವುದೇ ಇಲ್ಲ. ಇದು ಸರಿಯಲ್ಲ. ಅಮೆರಿಕದಲ್ಲಿ, ವಿಕಾಸ ಕಲಿಸಿದರೆಂದು ಮೇಷ್ಟರೊಬ್ಬರ ಮೇಲೆ ನಡೆದ ಟೆನೆಸಿಯ 1925ರ ಸ್ಕೋಪ್ಸ್ ವಿಚಾರಣೆಯಿಂದ, ಸೃಷ್ಟಿವಾದದ ಹೊಸ ರೂಪವನ್ನು ವಿಜ್ಞಾನದ ತರಗತಿಯಿಂದ ಹೊರಗಿಟ್ಟ 2005ರ ಡೋವರ್ ತೀರ್ಪಿನವರೆಗೆ ಜಗಳ ಕೋರ್ಟಿನಲ್ಲೇ ನಡೆಯಿತು. ಆದರೆ ಕರಡಿಯ ವಾಕ್ಯವನ್ನು ಯಾವ ಕೋರ್ಟೂ ತಿದ್ದುವುದಿಲ್ಲ.

ಪಾಠ ತಲುಪಿತೇ ಎಂದು ನೋಡಲು ‘ಆಂಟಿಬಯಾಟಿಕ್ ಈಗ ಯಾಕೆ ಕೆಲಸ ಮಾಡುತ್ತಿಲ್ಲ?’ ಎಂದು ಕೇಳಿ. ‘ಬ್ಯಾಕ್ಟೀರಿಯಾ ಔಷಧಿಗೆ ಒಗ್ಗಿಕೊಂಡವು’ ಎಂದು ಬರೆದವರನ್ನು ಮತ್ತೆ ಬಟ್ಟೆಯ ಮುಂದೆ ಕೂರಿಸಿ, ಅವರ ಕೈಯಲ್ಲೇ ಚುಕ್ಕಿಗಳ ಎಣಿಕೆ ಮಾಡಿಸಿ.