ಮೇಷ್ಟ್ರು, ಮೇಸ್ತ್ರಿ ಮತ್ತು ತಾರಸಿಯ ಮೇಲಿನ ಮೂರು ಭಾನುವಾರ

ಕಳೆದ ಆಷಾಢದಲ್ಲಿ ನಮ್ಮ ಮೇಸ್ತ್ರಿ ತೀರಿಕೊಂಡರು. ಬ್ಯಾಚಿನ ವಾಟ್ಸ್ಆಪ್ ಗ್ರೂಪಿಗೆ ಸುದ್ದಿ ಹಾಕಿದೆ. ‘ಯಾವ ಸಬ್ಜೆಕ್ಟ್ ತಗೋತಿದ್ರು?’ ಅಂತ ಇಬ್ಬರು ಕೇಳಿದರು. ಮೇಷ್ಟ್ರು ಅಲ್ಲಪ್ಪ, ಮೇಸ್ತ್ರಿ. ನಮ್ಮ ಕಾಲೇಜಿನ ಹಳೇ ಕಟ್ಟಡ ನೋಡಿಕೊಳ್ಳುತ್ತಿದ್ದವರು. ಖಾಕಿ ಚಡ್ಡಿ, ತಲೆಗೆ ಟವೆಲ್ಲು, ಸೊಂಟದಲ್ಲಿ ಕರಣೆ. ಇಷ್ಟು ಹೇಳಿದ ಮೇಲೆ ಒಬ್ಬೊಬ್ಬರಿಗೇ ನೆನಪಾಯಿತು. ಹಳೆಯ ವಿದ್ಯಾರ್ಥಿಗಳ ಸಂಚಿಕೆಗೆ ಏನಾದರೂ ಬರೆದುಕೊಡಿ ಅಂತ ಸಂಪಾದಕರು ಕೇಳಿದಾಗ ಬೇರೆ ಯಾರ ಬಗ್ಗೆ ಬರೆಯಲೂ ನನಗೆ ಮನಸ್ಸು ಬರಲಿಲ್ಲ.

ನಾನು ಓದಿದ್ದು 1981ರಿಂದ 84ರವರೆಗೆ, ಬಿ.ಎಸ್ಸಿ. ಪಾಠ ಯಾವುದೂ ಈಗ ತಲೆಯಲ್ಲಿಲ್ಲ. ಕಟ್ಟಡ ಮಾತ್ರ ಇದೆ. ಎತ್ತರದ ಚಾವಣಿ, ತೇಗದ ತೊಲೆ, ತೊಲೆಯ ಮೇಲೆ ಜಂತೆ, ಜಂತೆಯ ಮೇಲೆ ಓರೆಯಾಗಿ ನಿಲ್ಲಿಸಿದ ಇಟ್ಟಿಗೆ, ಅದರ ಮೇಲೆ ಇಟ್ಟಿಗೆ ಚೂರು ಬೆರೆಸಿದ ಸುಣ್ಣದ ಗಾರೆ. ಇದನ್ನೇ ಮದ್ರಾಸ್ ತಾರಸಿ ಅನ್ನುವುದು. ಮೈಸೂರಿನ ಹಳೇ ಕಾಲೇಜು, ಕಚೇರಿ, ಮಾರ್ಕೆಟ್ಟು ಎಷ್ಟೋ ನಿಂತಿರುವುದು ಇದರ ಕೆಳಗೆ. ಕಬ್ಬಿಣದ ಸರಳಿಲ್ಲ, ಸಿಮೆಂಟಿಲ್ಲ. ಏಪ್ರಿಲ್ ಬಿಸಿಲಿನಲ್ಲೂ ಒಳಗೆ ತಂಪು.

ಮೇಸ್ತ್ರಿಯ ಕೆಲಸ ಶುರುವಾಗುತ್ತಿದ್ದದ್ದು ನಾವು ಬರುವುದಕ್ಕೆ ಮುಂಚೆ. ಬೆಳಿಗ್ಗೆ ಏಳಕ್ಕೆ ಕಟ್ಟಡ ಒಂದು ಸುತ್ತು ಹಾಕುತ್ತಿದ್ದರು. ಗೋಡೆ ಮುಟ್ಟಿ ನೋಡುತ್ತಿದ್ದರು. ಆಮೇಲೆ ಹಿಂದಿನ ಮೆಟ್ಟಿಲು ಹತ್ತಿ ತಾರಸಿ. ಅಂಗಳದಲ್ಲಿ ಎರಡು ದೊಡ್ಡ ಮಳೆಮರ ಇದ್ದವು, ನಿಮಗೆ ನೆನಪಿದೆಯಲ್ವಾ? ಅವುಗಳ ಸಣ್ಣ ಎಲೆ ಉದುರಿ ಮಳೆನೀರು ಹೋಗುವ ಕಿಂಡಿಗೆ ತುಂಬಿಕೊಳ್ಳುತ್ತಿತ್ತು. ದಿನಾ ಅದನ್ನು ಕೈಯಲ್ಲೇ ಬಾಚಿ ತೆಗೆಯುತ್ತಿದ್ದರು. ಹಕ್ಕಿ ತಂದು ಹಾಕಿದ ಬೀಜದಿಂದ ಎಲ್ಲಾದರೂ ಅರಳಿ ಸಸಿ ಎದ್ದಿದ್ದರೆ ಎರಡು ಎಲೆ ಇರುವಾಗಲೇ ಬೇರು ಸಮೇತ ಕಿತ್ತು, ಆ ಜಾಗಕ್ಕೆ ಸುಣ್ಣ ಒತ್ತುತ್ತಿದ್ದರು. ‘ನಾಕು ಎಲೆ ಆದ್ರೆ ಬೇರು ಒಳಗೆ ಹೋಯ್ತದೆ, ಆಮೇಲೆ ಕಿತ್ರೆ ಇಟ್ಟಿಗೇನೂ ಬತ್ತದೆ’ ಅನ್ನುವರು.

ಹುಡುಗನಾಗಿದ್ದಾಗ ಮೈಸೂರು ವಿಶ್ವವಿದ್ಯಾಲಯದ ಆವರಣ ಮಾನಸಗಂಗೋತ್ರಿ ಕಟ್ಟುವ ಕೆಲಸಕ್ಕೆ ಇಟ್ಟಿಗೆ ಹೊತ್ತವರು ಅವರು. ಕುವೆಂಪು ಕುಲಪತಿಗಳಾಗಿದ್ದು 1956ರಿಂದ 60ರವರೆಗೆ. ಆ ಹೆಸರಿಟ್ಟವರು ಕುವೆಂಪು, ಇಟ್ಟಿಗೆ ಹೊತ್ತವರಲ್ಲಿ ನಮ್ಮ ಮೇಸ್ತ್ರಿಯೂ ಒಬ್ಬರು. ಈ ಎರಡನ್ನೂ ನಾನು ಅಷ್ಟೇ ಹೆಮ್ಮೆಯಿಂದ ಹೇಳುತ್ತೇನೆ.

ಇನ್ನು ನಮ್ಮ ಕೆಮಿಸ್ಟ್ರಿ ಮೇಷ್ಟ್ರು. ಬಿಳಿ ಪ್ಯಾಂಟು, ಬಿಳಿ ಷರಟು, ಬೆರಳಲ್ಲಿ ಆಸಿಡ್ಡಿನ ಹಳದಿ ಕಲೆ. ತುಂಬ ಶಿಸ್ತು. ಎರಡು ವಾರಕ್ಕೊಂದು ಟೆಸ್ಟು ಕೊಡುತ್ತಿದ್ದರು, ಯಾರು ಹೇಳಿದರೂ ಮುಂದಕ್ಕೆ ಹಾಕುತ್ತಿರಲಿಲ್ಲ.

ಎರಡನೇ ವರ್ಷ, ಅಕ್ಟೋಬರ್. ಹಿಂಗಾರು ಜೋರಾಗಿತ್ತು. ಮಾರನೇ ದಿನ ಟೆಸ್ಟು. ನಾವು ನಾಲ್ಕು ಜನ ಒಂದಕ್ಷರ ಓದಿರಲಿಲ್ಲ. ಕ್ಲಾಸ್ ರೂಮು ಸೋರಿದರೆ ಟೆಸ್ಟ್ ನಿಲ್ಲುತ್ತದೆ ಅನ್ನುವ ಯೋಚನೆ ನನ್ನದೇ. ಸಂಜೆ ಹಿಂದಿನ ಮೆಟ್ಟಿಲು ಹತ್ತಿ, ನಮ್ಮ ರೂಮಿನ ಮೇಲಿದ್ದ ಎರಡು ಕಿಂಡಿಗೂ ಗೋಣಿಚೀಲ ತುರುಕಿ ಬಂದೆವು. ರಾತ್ರಿಯಿಡೀ ಮಳೆ ಸುರಿಯಿತು. ಬೆಳಿಗ್ಗೆ ಹೋಗಿ ನೋಡಿದರೆ ರೂಮು ಸೋರಿದ್ದಷ್ಟೇ ಅಲ್ಲ, ಚಾವಣಿಯ ಗಾರೆ ಒಂದು ಮೊರದಷ್ಟಗಲ ಕಿತ್ತು ಮೇಷ್ಟ್ರ ಮೇಜಿನ ಮೇಲೆ ಬಿದ್ದಿತ್ತು. ಅವರು ನಿಂತು ಪಾಠ ಮಾಡುವ ಜಾಗ ಅದು. ಗಾರೆ ಬಿದ್ದದ್ದು ರಾತ್ರಿಯಾದ್ದರಿಂದ ಸರಿಹೋಯಿತು. ಹಗಲಲ್ಲಿ ಬಿದ್ದಿದ್ದರೆ? ಇವತ್ತಿಗೂ ಆ ಮೇಜು ಕಣ್ಣ ಮುಂದೆ ಬಂದರೆ ಎದೆ ಹಿಡಿದುಕೊಳ್ಳುತ್ತದೆ.

ಮೇಸ್ತ್ರಿ ಒದ್ದೆ ಗೋಣಿಚೀಲ ಹಿಡಿದುಕೊಂಡು ಇಳಿದು ಬಂದರು. ನಮ್ಮ ನಾಲ್ಕು ಮುಖ ನೋಡಿದರು. ಯಾರು ಅಂತ ಕೇಳಲಿಲ್ಲ. ‘ನೀರ್‌ಗೆ ದಾರಿ ಬಿಟ್ರೆ ಅದ್ರ ಪಾಡ್ಗೆ ಅದು ಹೊಂಟೋಯ್ತದೆ ಕಣ್ರಪ್ಪ. ದಾರಿ ಕಟ್ಟಿದ್ರೆ ಮನೆಯೊಳಕ್ಕೇ ಬತ್ತದೆ’ ಅಂದರು, ಅಷ್ಟೇ. ಪ್ರಿನ್ಸಿಪಾಲರ ಹತ್ತಿರ ಹೋಗಲಿಲ್ಲ. ಕೆಮಿಸ್ಟ್ರಿ ಮೇಷ್ಟ್ರ ಹತ್ತಿರ ಹೋದರು. ಅವರಿಬ್ಬರೂ ಮಾತಾಡಿಕೊಂಡು ಕೊಟ್ಟ ಶಿಕ್ಷೆ ಇದು: ಸದ್ಯಕ್ಕೆ ಟಾರ್ಪಾಲು, ಮಳೆ ನಿಂತ ಮೇಲೆ ಡಿಸೆಂಬರಿನಲ್ಲಿ ಮೂರು ಭಾನುವಾರ ನಾವೇ ಬಂದು ತಾರಸಿ ಸರಿಮಾಡಬೇಕು.

ಮೊದಲ ಭಾನುವಾರ ಸಡಿಲವಾದ ಗಾರೆ ಬಡಿದು ತೆಗೆದೆವು. ಆಮೇಲೆ ಸುಣ್ಣ. ತೊಟ್ಟಿಗೆ ಸುಟ್ಟ ಸುಣ್ಣದ ಕಲ್ಲು ಹಾಕಿ ಮೇಸ್ತ್ರಿ ನೀರು ಹೊಯ್ದರು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಕಲ್ಲು ಬಿರಿಯಿತು, ಬುಸುಗುಟ್ಟಿತು, ತೊಟ್ಟಿ ಪೂರ್ತಿ ಕುದಿಯತೊಡಗಿತು, ಹಬೆ ಮುಖಕ್ಕೆ ಬಡಿಯಿತು. ಹಿಂದೆ ಯಾರೋ ನಿಂತಂತಾಗಿ ತಿರುಗಿದರೆ ಕೆಮಿಸ್ಟ್ರಿ ಮೇಷ್ಟ್ರು. ಭಾನುವಾರ, ಬಿಳಿ ಪ್ಯಾಂಟು ಮೊಣಕಾಲಿನವರೆಗೆ ಮಡಚಿದ್ದರು. ಸೀಮೆಸುಣ್ಣ ಇಲ್ಲ, ಬೋರ್ಡಿಲ್ಲ. ಸುಣ್ಣದ ಕಲ್ಲನ್ನು ಸುಟ್ಟರೆ ಅದರಿಂದ ಇಂಗಾಲದ ಡೈ ಆಕ್ಸೈಡ್ ಹೊರಟು ಹೋಗುತ್ತದೆ, ನೀರು ಹಾಕಿದರೆ ಹೀಗೆ ಬಿಸಿಯಾಗಿ ಅರಳುತ್ತದೆ, ಗಾರೆಯಾಗಿ ಹಾಕಿದ ಮೇಲೆ ಗಾಳಿಯಲ್ಲಿರುವ ಅದೇ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಎಳೆದುಕೊಂಡು ವರ್ಷಗಟ್ಟಲೆ ಗಟ್ಟಿಯಾಗುತ್ತಾ ಮತ್ತೆ ಕಲ್ಲಾಗುತ್ತದೆ. ಅವರು ಇದನ್ನು ಹೇಳುವಾಗ ಮೇಸ್ತ್ರಿ ಗುದ್ದಲಿ ಊರಿಕೊಂಡು ಕೇಳುತ್ತಿದ್ದರು. ‘ಅದ್ಕೇ ಸ್ವಾಮಿ ಹಳೇ ಗ್ವಾಡೆಗೆ ಮೊಳೆ ಇಳಿಯಕ್ಕಿಲ್ಲ’ ಅಂದರು. ನಾನು ಮೂರು ವರ್ಷದಲ್ಲಿ ಕಲಿತ ಕೆಮಿಸ್ಟ್ರಿ ಅದೊಂದೇ ಅಂದರೂ ಸರಿ, ಅದನ್ನು ಪೂರ್ತಿ ಕಲಿತೆ.

ಎರಡನೇ ಭಾನುವಾರ ವಾರವಿಡೀ ನೆನೆದ ಸುಣ್ಣಕ್ಕೆ ಮರಳು, ಇಟ್ಟಿಗೆ ಚೂರು ಕಲಸಿ ಹರಡಿದೆವು. ಅಳಲೆಕಾಯಿ ನೆನೆಸಿದ ನೀರಿಗೆ ಬೆಲ್ಲ ಕರಗಿಸಿ ಚಿಮುಕಿಸುತ್ತಾ ಮರದ ಕೊಡತಿಯಲ್ಲಿ ಬಡಿಯಬೇಕು. ಜೋರಾಗಿ ಬಡಿಯುವಂತಿಲ್ಲ, ಒಂದೇ ಲಯ. ಮೇಸ್ತ್ರಿ ಕಣ್ಣು ಮುಚ್ಚಿ ಸದ್ದು ಕೇಳುತ್ತಿದ್ದರು. ಮೊದಲು ಸದ್ದು ಮೆತ್ತಗೆ, ಒದ್ದೆ. ಬಡಿಯುತ್ತಾ ಬಡಿಯುತ್ತಾ ಟಣ್ ಅನ್ನಬೇಕು. ಮುಂದಿನ ನಾಲ್ಕು ಸಂಜೆ ಕ್ಲಾಸ್ ಮುಗಿಸಿ ಬಂದು ಬಡಿದೆವು, ಕೈ ಬೊಬ್ಬೆ ಬಂತು. ಮೇಷ್ಟ್ರೂ ಸರದಿಯಲ್ಲಿ ಕೂತು ಬಡಿದರು. ಮೂರನೇ ಭಾನುವಾರ ಅದರ ಮೇಲೆ ಚಪ್ಪಟೆ ಬಿಲ್ಲೆ ಕೂರಿಸಿ ಸಂದು ತುಂಬಿದೆವು. ಅವತ್ತು ಮೇಸ್ತ್ರಿ ಹೆಂಡತಿ ಮುದ್ದೆ, ಹುರುಳಿಕಾಳಿನ ಸಾರು ಕಳಿಸಿದ್ದರು. ಆರು ಜನ ತಾರಸಿ ಮೇಲೆ ಕೂತು ಉಂಡೆವು. ಟೆಸ್ಟು ಆಮೇಲೆ ಬರೆದೆವು.

ನಾನು ಮುಂದೆ ಬೇರೆ ಕಾಲೇಜಿನಲ್ಲಿ ಲೆಕ್ಚರರ್ ಆದೆ, ಕೊನೆಯ ಒಂಬತ್ತು ವರ್ಷ ಪ್ರಿನ್ಸಿಪಾಲ್. ಆ ಒಂಬತ್ತು ವರ್ಷ ಪ್ರತಿ ಮೇ ತಿಂಗಳು, ಮುಂಗಾರಿಗೆ ಮುಂಚೆ, ನಾನೇ ತಾರಸಿ ಹತ್ತಿ ಕಿಂಡಿ ನೋಡಿದ್ದೇನೆ. ನನ್ನ ಕಾಲದಲ್ಲಿ ಒಂದು ರೂಮೂ ಸೋರಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಎದೆತಟ್ಟಿ ಹೇಳುತ್ತೇನೆ. ಅದು ಮೇಸ್ತ್ರಿ ಕಲಿಸಿದ್ದು.

ಈಗಿನ ಕಾಲೇಜುಗಳಿಗೆ ಹೋದಾಗ ಸಂಕಟವಾಗುತ್ತದೆ. ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುತ್ತದೆ ಅಂದರೆ ಹದಿನೈದು ದಿನ ಮುಂಚೆ ಗೋಡೆಗೆ ಬಣ್ಣ. ಸುಣ್ಣದ ಗೋಡೆ ಬಿರುಕು ಬಿಟ್ಟರೆ ಅದರ ಮೇಲೆ ಸಿಮೆಂಟು. ಸುಣ್ಣದ ಗೋಡೆ ತೇವ ಹೊರಗೆ ಬಿಡುತ್ತದೆ, ಸಿಮೆಂಟು ಬಿಡುವುದಿಲ್ಲ, ನೀರು ಒಳಗೇ ಕೂತು ಇಟ್ಟಿಗೆ ತಿನ್ನುತ್ತದೆ. ಮರದ ಬುಡಕ್ಕೆ ಒಂದಿಷ್ಟೂ ಮಣ್ಣು ಬಿಡದೆ ಟೈಲ್ಸು ಹಾಕುತ್ತಾರೆ. ಕೆಲಸಕ್ಕೆ ಏಜೆನ್ಸಿ, ವರ್ಷಕ್ಕೊಮ್ಮೆ ಟೆಂಡರು, ಬರುವ ಹುಡುಗರು ಬದಲಾಗುತ್ತಲೇ ಇರುತ್ತಾರೆ. ಪಾಪ, ಅವರಿಗೆ ಯಾವ ಗೋಡೆ ಯಾವ ಮಳೆಗೆ ಒದ್ದೆಯಾಗುತ್ತದೆ ಅಂತ ಹೇಗೆ ಗೊತ್ತಾಗಬೇಕು? ಮಕ್ಕಳಿಗೂ ತಾರಸಿ ಬಾಗಿಲಿಗೆ ಬೀಗ.

ಮೈಸೂರಿನಲ್ಲಿ 1892ರ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಬಿದ್ದು ನಾಲ್ಕು ಜನ ಸತ್ತದ್ದು 2012ರ ಆಗಸ್ಟ್‌ನಲ್ಲಿ. ದೇವರಾಜ ಮಾರ್ಕೆಟ್ಟಿನ ಒಂದು ಕಡೆ ಕುಸಿದದ್ದು 2016ರ ಆಗಸ್ಟ್. ಮಹಾರಾಣಿ ವಿಜ್ಞಾನ ಕಾಲೇಜಿನ ಹಳೇ ಕಟ್ಟಡದ ಭಾಗ ಬಿದ್ದದ್ದು 2022ರ ಅಕ್ಟೋಬರ್. ತಿಂಗಳು ನೋಡಿ, ಮೂರೂ ಮಳೆಗಾಲದವು. ಲ್ಯಾನ್ಸ್‌ಡೌನ್ ಬಿದ್ದಾಗ ಮೇಸ್ತ್ರಿಗೆ ಫೋನ್ ಮಾಡಿದ್ದೆ. ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ‘ನಮ್ದು ಹತ್ತಿ ನೋಡ್ದಾ?’ ಅಂತ ಕೇಳಿದರು.

ಅವತ್ತು ನೋಡಿರಲಿಲ್ಲ. ಅವರ ತಿಥಿ ಮುಗಿಸಿಕೊಂಡು ಬರುವಾಗ ಕಾಲೇಜಿಗೆ ಹೋಗಿ ಕೀಲಿ ಕೇಳಿ ಹತ್ತಿದೆ. ನಾವು ಹಾಕಿದ ಬಿಲ್ಲೆಗಳ ಬಣ್ಣ ಇನ್ನೂ ಸ್ವಲ್ಪ ಬೇರೆಯೇ ಕಾಣುತ್ತದೆ. ಬೆರಳ ಗೆಣ್ಣಿನಿಂದ ತಟ್ಟಿದೆ. ಟಣ್ ಅಂತು. ಕಿಂಡಿಯ ಪಕ್ಕ ಒಂದು ಅರಳಿ ಸಸಿ ಇತ್ತು, ಮೂರು ಎಲೆ. ಕಿತ್ತೆ. ಬೇರು ಪೂರ್ತಿ ಬಂತು.

ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಒಂದು ಕೇಳಿಕೆ. ಹಾಲಿನಲ್ಲಿರುವ ಗುರುಗಳ ಫೋಟೋ ಸಾಲಿನಲ್ಲಿ, ನಮ್ಮ ಕೆಮಿಸ್ಟ್ರಿ ಮೇಷ್ಟ್ರ ಪಕ್ಕ, ಮೇಸ್ತ್ರಿಯ ಫೋಟೋ ಹಾಕಿ. ಫ್ರೇಮು ನಾನು ಮಾಡಿಸುತ್ತೇನೆ. ಕಿಂಡಿ ಬಿಡಿಸಿ, ಸಂದಿಗೆ ಸುಣ್ಣ ಹಾಕುವುದಕ್ಕೆ ಪ್ರಿನ್ಸಿಪಾಲರು ಒಪ್ಪಿಗೆ ಕೊಟ್ಟಿದ್ದಾರೆ. ಮೇ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಏಳಕ್ಕೆ ನಾನು ಹಿಂದಿನ ಮೆಟ್ಟಿಲ ಹತ್ತಿರ ಇರುತ್ತೇನೆ. ಮೇಸ್ತ್ರಿಯ ಮಗನೂ ಗಾರೆ ಕೆಲಸದವರೇ, ಅಪ್ಪನ ಕೊಡತಿ ತರುತ್ತೇನೆ ಅಂದಿದ್ದಾರೆ. ಬರುವವರು ಹಳೇ ಬಟ್ಟೆ ಹಾಕಿಕೊಂಡು ಬನ್ನಿ.