ಗೋಡೆ ಮುಟ್ಟಿ ನೋಡದೆ ರೇಟು ಹೇಳುವುದಿಲ್ಲ

ಹನ್ನೊಂದು ವರ್ಷ ಮೇಸ್ತ್ರಿಯೊಬ್ಬರ ಕೈಕೆಳಗೆ ಬಣ್ಣ ಹೊಡೆದು, ಹೋದ ವರ್ಷ ಸ್ವಂತ ಕೆಲಸ ಶುರುಮಾಡಿದೆ. ಎರಡು ಏಣಿ, ರೋಲರ್‌ಗಳು, ಜೊತೆಗೆ ಇಬ್ಬರು ಹುಡುಗರು. ಬಣ್ಣ ಹೊಡೆಯುವುದು ಗೊತ್ತಿತ್ತು, ಕೆಲಸ ಹಿಡಿಯುವುದು ಗೊತ್ತಿರಲಿಲ್ಲ. ಅದನ್ನು ಅಷ್ಟೂ ವರ್ಷ ಮೇಸ್ತ್ರಿಯೇ ನೋಡಿಕೊಳ್ಳುತ್ತಿದ್ದರು. ಮನೆಯವರ ಜೊತೆ ಅವರು ಏನು ಮಾತಾಡುತ್ತಾರೆ ಅಂತ ನಾನು ಒಂದು ದಿನವೂ ಕಿವಿಗೊಟ್ಟು ಕೇಳಿರಲಿಲ್ಲ.

ಮೊದಲ ತಿಂಗಳು ಸಾವಿರ ಕರಪತ್ರ ಹಂಚಿಸಿದೆ. ಬಂದದ್ದು ಎರಡು ಫೋನು. ಇಬ್ಬರದ್ದೂ ಒಂದೇ ಪ್ರಶ್ನೆ: ‘ಚದರ ಅಡಿಗೆ ಎಷ್ಟು?’ ಫೋನಿನಲ್ಲೇ ರೇಟು ಹೇಳಿಬಿಟ್ಟೆ. ಇಬ್ಬರೂ ಆಮೇಲೆ ಮಾತಾಡಲಿಲ್ಲ. ಯೋಚನೆ ಮಾಡಿದರೆ ಅವರದ್ದು ತಪ್ಪಿಲ್ಲ. ನನ್ನ ಮುಖ ನೋಡಿಲ್ಲ, ಕೆಲಸ ನೋಡಿಲ್ಲ, ಹೋಲಿಸಿ ನೋಡುವುದಕ್ಕೆ ಅವರ ಕೈಯಲ್ಲಿ ಇದ್ದದ್ದು ಆ ಸಂಖ್ಯೆ ಒಂದೇ.

ಆಮೇಲೆ ಹೇಗೋ ಒಂದು ಮನೆ ಸಿಕ್ಕಿತು. ಅಲ್ಲಿ ನಾನು ಮಾಡಿದ ತಪ್ಪು ಇವತ್ತಿಗೂ ಮನಸ್ಸಿನಲ್ಲಿದೆ. ಬಚ್ಚಲಿಗೆ ಅಂಟಿಕೊಂಡ ಮಲಗುವ ಕೋಣೆಯ ಗೋಡೆ, ಮೊಣಕಾಲಿನ ಎತ್ತರದವರೆಗೆ ಕಲೆ, ಮುಟ್ಟಿದರೆ ತಣ್ಣಗೆ. ‘ಮೇಲೆ ಪುಟ್ಟಿ ಹಾಕಿ ಮುಚ್ಚಿಬಿಡಿ’ ಅಂದರು ಮನೆಯವರು. ಒಳಗೆ ನೀರು ಸೋರುತ್ತಿದೆ ಅಂತ ನನಗೆ ಗೊತ್ತಾಗಿತ್ತು. ಹೇಳಿದರೆ ಕೆಲಸ ಕೈತಪ್ಪುತ್ತದೇನೋ ಎಂಬ ಭಯಕ್ಕೆ ಸುಮ್ಮನಾದೆ. ನಾಲ್ಕೇ ತಿಂಗಳಿಗೆ ಬಣ್ಣ ಉಬ್ಬಿ, ಹಕ್ಕಳೆ ಎದ್ದು ಉದುರಿತು. ಕೆರೆದು ನೋಡಿದರೆ ಗಾರೆಯ ಮೇಲೆಲ್ಲ ಬಿಳಿ ಉಪ್ಪು. ನನ್ನ ಖರ್ಚಿನಲ್ಲೇ ಮತ್ತೆ ಮಾಡಿಕೊಟ್ಟೆ, ಆದರೆ ಆ ಬೀದಿಯಿಂದ ಇನ್ನೊಂದು ಕರೆ ಬರಲಿಲ್ಲ.

ಅಂದಿನಿಂದ ಫೋನಿನಲ್ಲಿ ರೇಟು ಕೇಳಿದವರಿಗೆ, ‘ಒಂದು ಸಲ ಬಂದು ಗೋಡೆ ನೋಡ್ತೀನಿ, ನೋಡೋದಕ್ಕೆ ದುಡ್ಡಿಲ್ಲ’ ಅನ್ನುತ್ತೇನೆ. ಒಪ್ಪಿದವರ ಮನೆಗೆ ಅಳತೆ ಟೇಪು, ಟಾರ್ಚು, ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆ, ಮಾಸ್ಕಿಂಗ್ ಟೇಪು ತೆಗೆದುಕೊಂಡು ಹೋಗುತ್ತೇನೆ. ಟಾರ್ಚನ್ನು ಗೋಡೆಗೆ ಒರಗಿಸಿ ಅಡ್ಡಲಾಗಿ ಬೆಳಕು ಬಿಟ್ಟರೆ ಉಬ್ಬು, ತಗ್ಗು, ಹಳೇ ತೇಪೆ ಎಲ್ಲ ಎದ್ದು ಕಾಣುತ್ತದೆ. ಅದನ್ನು ಮನೆಯವರಿಗೂ ತೋರಿಸುತ್ತೇನೆ. ಎರಡು ಕೋಟು ಪುಟ್ಟಿ ಯಾಕೆ ಬೇಕು ಅಂತ ಆಮೇಲೆ ನಾನು ವಾದ ಮಾಡಬೇಕಾಗಿ ಬರುವುದಿಲ್ಲ.

ಪ್ಲಾಸ್ಟಿಕ್ ಹಾಳೆ ಥಂಡಿ ಹಿಡಿದ ಗೋಡೆಗೆ. ಒಬ್ಬರು ನಿವೃತ್ತ ಟೀಚರಮ್ಮನ ಮನೆಯಲ್ಲಿ ಅದನ್ನು ಗೋಡೆಗೆ ಹಚ್ಚಿ, ನಾಲ್ಕೂ ಅಂಚಿಗೆ ಗಾಳಿಯಾಡದ ಹಾಗೆ ಟೇಪು ಒತ್ತಿ, ‘ನಾಳೆವರೆಗೂ ಹಾಗೇ ಇರಲಿ ಅಮ್ಮ’ ಅಂತ ಹೇಳಿ ಬಂದೆ. ಮರುದಿನ ಬೆಳಿಗ್ಗೆ ಅವರೇ ಫೋನು ಮಾಡಿದರು. ಹಾಳೆಯ ಒಳಮೈಗೆ ಹನಿ ಕಟ್ಟಿತ್ತು. ಹೊರಮೈಗೆ ಕಟ್ಟಿದ್ದರೆ ಅದು ಕೋಣೆಯ ಗಾಳಿಯ ತೇವ. ಒಳಮೈಗೆ ಕಟ್ಟಿದರೆ ನೀರು ಗೋಡೆಯಿಂದಲೇ ಬರುತ್ತಿದೆ. ‘ಮೊದಲು ಪ್ಲಂಬರ್ ಕರೆಸಿ, ಗೋಡೆ ಪೂರ್ತಿ ಒಣಗಲಿ, ಆಮೇಲೆ ನನ್ನನ್ನು ಕರೀರಿ’ ಅಂದೆ. ಕೈಯಲ್ಲಿ ಬೇರೆ ಕೆಲಸ ಇರಲಿಲ್ಲ, ಹಾಗೆ ಹೇಳುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. ಎರಡು ತಿಂಗಳ ಮೇಲೆ ಅವರು ಕರೆದದ್ದು ಆ ಒಂದು ಗೋಡೆಗಲ್ಲ, ಇಡೀ ಮನೆಗೆ. ಮೂರು ಕೊಟೇಶನ್‌ನಲ್ಲಿ ನನ್ನದೇ ಜಾಸ್ತಿಯಿತ್ತಂತೆ. ‘ಉಳಿದವರು ಬಾಗಿಲಲ್ಲೇ ನಿಂತು ಲೆಕ್ಕ ಹೇಳಿದರಪ್ಪ, ಗೋಡೆ ಮುಟ್ಟಿ ನೋಡಿದವನು ನೀನೊಬ್ಬನೇ’ ಅಂದರು.

ಕೊಟೇಶನ್ ಬರೆದೇ ಕೊಡಬೇಕು. ನಾನು ಕೋಣೆ ಕೋಣೆಗೂ ಬಿಡಿಸಿ ಬರೆಯುತ್ತೇನೆ. 12 ಅಡಿ ಉದ್ದ, 10 ಅಡಿ ಅಗಲ, 10 ಅಡಿ ಎತ್ತರದ ಕೋಣೆ ಅಂದರೆ ಗೋಡೆ 440 ಚದರ ಅಡಿ, ಸೀಲಿಂಗ್ 120. ಗೋಡೆಯ ಲೆಕ್ಕದಲ್ಲಿ ಬಾಗಿಲು, ಕಿಟಕಿ ಎಷ್ಟು ಕಳೆದೆ ಅಂತಲೂ ಅದರಲ್ಲೇ ಇರುತ್ತದೆ. ಎಷ್ಟು ಕೋಟು ಪುಟ್ಟಿ, ಬಣ್ಣಕ್ಕೆ ಮೊದಲು ಹಚ್ಚುವ ಪ್ರೈಮರ್ ಯಾವುದು, ಯಾವ ಬಣ್ಣ, ಸಾಮಾನು ಸರಿಸುವವರು ಯಾರು, ಯಾವ ಕೆಲಸ ಇದರಲ್ಲಿ ಸೇರಿಲ್ಲ ಎಲ್ಲವನ್ನೂ ಬರೆಯುತ್ತೇನೆ. ಹೊಸ ಗಾರೆಯಾಗಿದ್ದರೆ ಬಣ್ಣಕ್ಕೆ ಮೊದಲು 28 ದಿನವಾದರೂ ಒಣಗಲು ಬಿಡಬೇಕು ಅಂತಲೂ ಸೇರಿಸುತ್ತೇನೆ. ಗೃಹಪ್ರವೇಶದ ಅವಸರದಲ್ಲಿರುವವರಿಗೆ ಅದು ಹಿಡಿಸುವುದಿಲ್ಲ. ಕೆಲವರು ಬೇರೆಯವರನ್ನು ಹುಡುಕಿಕೊಂಡದ್ದೂ ಇದೆ. ಹೋಗಲಿ, ಆ ಗೋಡೆಗೆ ನನ್ನ ಹೆಸರು ಬೇಡ.

ಶೇಡ್ ಕಾರ್ಡ್ ನೋಡಿ ಬಣ್ಣ ಗಟ್ಟಿಮಾಡಿಕೊಳ್ಳಲು ನಾನು ಬಿಡುವುದಿಲ್ಲ. ಎರಡಡಿ ಚೌಕ ಗೋಡೆಯ ಮೇಲೆ ಹಚ್ಚಿ ತೋರಿಸುತ್ತೇನೆ. ಹಗಲಲ್ಲಿ ನೋಡಿ, ರಾತ್ರಿ ದೀಪ ಹಾಕಿಯೂ ನೋಡಿ ಅನ್ನುತ್ತೇನೆ. ಎಮಲ್ಷನ್, ಅಂದರೆ ನೀರು ಬೆರೆಸಿ ಹಚ್ಚುವ ಗೋಡೆಯ ಬಣ್ಣ, ಒಣಗಿದ ಮೇಲೆ ಸಾಮಾನ್ಯವಾಗಿ ಇನ್ನೊಂದಿಷ್ಟು ಗಾಢವಾಗುತ್ತದೆ ಅಂತ ಮೊದಲೇ ತಿಳಿಸಿದ್ದರೆ ಆಮೇಲೆ ಜಗಳವಿಲ್ಲ.

ಹೊಸ ಗಿರಾಕಿ ಹೆಚ್ಚಾಗಿ ಸಿಗುವುದು ಕೆಲಸ ನಡೆಯುತ್ತಿರುವ ಮನೆಯ ಅಕ್ಕಪಕ್ಕದಲ್ಲೇ. ಏಣಿ ಹಾಕಿದ ದಿನದಿಂದ ಎದುರು ಮನೆಯವರು ನಮ್ಮನ್ನು ನೋಡುತ್ತಲೇ ಇರುತ್ತಾರೆ: ಹುಡುಗರು ಎಷ್ಟು ಹೊತ್ತಿಗೆ ಬರುತ್ತಾರೆ, ಧೂಳು ಅವರ ಕಡೆಗೆ ಹಾರುತ್ತದಾ, ಸಂಜೆ ಅಂಗಳ ಗುಡಿಸುತ್ತೇವಾ ಅಂತ. ಉಜ್ಜುವ ಕೆಲಸ ಶುರುಮಾಡುವ ಮೊದಲು ನಾನೇ ಹೋಗಿ, ‘ಇವತ್ತು ಧೂಳಿದೆ, ಕಿಟಕಿ ಹಾಕಿಕೊಳ್ಳಿ’ ಅಂತ ಹೇಳಿ ಬರುತ್ತೇನೆ. ಈ ಒಂದು ಮಾತಿನಿಂದಲೇ ಮೂರು ಮನೆ ಸಿಕ್ಕಿವೆ.

ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್ ಹತ್ತಿರವೂ ನಂಬರು ಕೊಟ್ಟಿದ್ದೇನೆ. ಯಾವ ಮನೆಯಲ್ಲಿ ಗೋಡೆ ಒಡೆದು ಪೈಪು ಹಾಕಿದ್ದಾರೆ ಅಂತ ಮೊದಲು ಗೊತ್ತಾಗುವುದು ಅವರಿಗೇ. ಟೀಚರಮ್ಮನ ಮನೆಗೆ ಬಂದಿದ್ದ ಪ್ಲಂಬರ್ ನಿನ್ನೆ ಇನ್ನೊಂದು ವಿಳಾಸ ಕೊಟ್ಟರು. ಸಂಜೆ ಹೋಗಿ ಅಡುಗೆಮನೆಯ ಗೋಡೆಗೆ ಹಾಳೆ ಅಂಟಿಸಿ ಬಂದಿದ್ದೇನೆ. ಬೆಳಿಗ್ಗೆ ಹೋಗಿ ಬಿಚ್ಚಿ ನೋಡಬೇಕು.