ಮಳೆಗಾಲ ಮುಗೀತು, ಟೈ ರಾಡ್ ಎಂಡ್ ನೋಡಿ

ಕಾರವಾರ ಬಂದರಿನಲ್ಲಿ ಮೀನು ತುಂಬಿಕೊಂಡು ಓಡುವ, ದೇವಿಮನೆ ಘಾಟಿ ಹತ್ತಿಳಿಯುವ ಪಿಕಪ್ ಇದ್ದವರು ಈಗೊಮ್ಮೆ ಟೈ ರಾಡ್ ಎಂಡಿನ, ಅಂದರೆ ಸ್ಟೀರಿಂಗ್ ಸರಳನ್ನು ಮುಂದಿನ ಚಕ್ರಕ್ಕೆ ಜೋಡಿಸುವ ಬಾಲ್ ಇರುವ ಕೀಲಿನ, ರಬ್ಬರ್ ಬೂಟ್ (ಮುಚ್ಚಳ) ನೋಡಲೇಬೇಕು. ಅದು ಹರಿದಿದ್ದರೆ ಉಪ್ಪುನೀರು, ಕೆಸರು ಒಳಹೊಕ್ಕು ಗ್ರೀಸ್ ತೊಳೆದುಹೋಗಿ ಬಾಲ್ ಸವೆಯುತ್ತದೆ.

ಮುಂದಿನ ಚಕ್ರ ಎತ್ತಿ, ಸ್ಟ್ಯಾಂಡ್ ಕೊಟ್ಟು, ಗಡಿಯಾರದ 3 ಮತ್ತು 9ರ ಜಾಗದಲ್ಲಿ ಹಿಡಿದು ಅಲ್ಲಾಡಿಸಿ. ಕಟಕಟ ಅಂದರೆ ಟೈ ರಾಡ್ ಮೇಲೇ ಅನುಮಾನ. 12 ಮತ್ತು 6ರಲ್ಲೂ ಆಟ ಇದ್ದರೆ ಬಾಲ್ ಜಾಯಿಂಟ್ ಇಲ್ಲವೇ ವೀಲ್ ಬೇರಿಂಗ್. ಗಾಡಿ ಎಷ್ಟು ಭಾರ ಹೊರುತ್ತದೆ ಅಂತ ಎಲ್ಲರೂ ಕೇಳ್ತೇವೆ; ಆ ಭಾರವನ್ನು ತಿರುವಿನಲ್ಲಿ ದಾರಿ ಬಿಡದಂತೆ ಹಿಡಿಯುವುದು ಟೈ ರಾಡ್ ಎಂಡಿನ ನೆಲ್ಲಿಕಾಯಿಯಷ್ಟಿರುವ ಈ ಬಾಲ್.

ಬಿಚ್ಚುವ ಮೊದಲು ಲಾಕ್ ನಟ್ ಇದ್ದ ಜಾಗಕ್ಕೆ ಬಣ್ಣದ ಗುರುತು ಹಾಕಿ. ಹಳೆಯದು ಎಷ್ಟು ಸುತ್ತು ತಿರುಗಿಸಿದಾಗ ಕಳಚಿತೋ ಹೊಸದನ್ನೂ ಅಷ್ಟೇ ಸುತ್ತು ಹತ್ತಿಸಿ. ಬಿಗಿಯಾಗಿ ಕಚ್ಚಿಕೊಂಡಿರುವ ಟೇಪರ್ (ತುದಿಗೆ ಸಣ್ಣದಾಗುವ ಕಡ್ಡಿ) ಬಿಡಿಸಲು ಪುಲ್ಲರ್ ಬಳಸಿ. ತಲೆಯಲ್ಲಿ ಸೀಳುಗಳಿರುವ ಕ್ಯಾಸಲ್ ನಟ್ಟನ್ನು ನಿಗದಿತ ಟಾರ್ಕ್‌ಗೆ ಬಿಗಿದ ಮೇಲೆ ಪಿನ್ ತೂತು ಸೇರದಿದ್ದರೆ ನಟ್ಟಿನ ಮುಂದಿನ ಸೀಳು ತೂತಿಗೆ ಸೇರುವವರೆಗೆ ತುಸು ಬಿಗಿಸಬೇಕು, ಹಿಂದಕ್ಕೆ ಸಡಿಲಿಸಲೇಬಾರದು. ಸ್ಪ್ಲಿಟ್ ಪಿನ್ ಹೊಸದೇ ಹಾಕಿ, ಹಳೆಯದು ಬಗ್ಗಿಸಿದಲ್ಲೇ ತುಂಡಾಗಬಹುದು.

ಸುತ್ತು ಎಣಿಸಿದ್ದು ಅಂದಾಜು ಮಾತ್ರ, ಅಲೈನ್‌ಮೆಂಟ್ ಮಾಡಿಸಿಯೇ ಲೋಡ್ ಹಾಕಿ. ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ತಿರುಗಿರುವ ಅಳತೆ) ತಪ್ಪಿದರೆ ಟಯರಿನ ಅಂಚು ಬೇಗ ತಿಂದುಹೋಗುತ್ತದೆ.